ಸೇನಾ ರೈಫಲ್ ಸ್ಪರ್ಧಾಳುವಿನ ವೃತ್ತಿಜೀವನ: ಲೆಫ್ಟಿನೆಂಟ್ ಕರ್ನಲ್ ಲೋನ್ಸ್ ವಿಗ್ಗರ್

1. ಪೀಠಿಕೆ

ರೈಫಲ್ ಶೂಟಿಂಗ್ ಕ್ರೀಡೆಯನ್ನು ಅಭ್ಯಾಸ ಮಾಡಬಯಸುವವರು, ಶಸ್ತ್ರ ಪರವಾನಗಿಗಾಗಿ ಅರ್ಜಿ ಸಲ್ಲಿಸುವ ಕ್ರೀಡಾಪಟುಗಳು ಹಾಗೂ ಸೇನೆಗೆ ಸೇರಿ ಕ್ರೀಡೆಯಲ್ಲಿ ಮುಂದುವರಿಯಲು ಇಚ್ಛಿಸುವ ಯುವಜನರ ಅವಗಾಹನೆಗಾಗಿ ಈ ಪುಟದಲ್ಲಿ ಮಾಹಿತಿಯನ್ನು ಒದಗಿಸಲಾಗಿದೆ. ಸೈನಿಕನೊಬ್ಬನು ಸ್ಪರ್ಧಾತ್ಮಕ ರೈಫಲ್ ಶೂಟರ್ ಆಗಿ ಬೆಳೆಯುವುದು ಹೇಗೆ, ಆ ವೃತ್ತಿಯಲ್ಲಿ ದೊರೆಯುವುದೇನು, ಕೈತಪ್ಪಿ ಹೋಗುವುದೇನು ಎಂಬುದನ್ನು ಒಂದು ನೈಜ ಉದಾಹರಣೆಯ ಮೂಲಕ ಇಲ್ಲಿ ವಿವರಿಸಲಾಗಿದೆ.

ಉದಾಹರಣೆಯಾಗಿ ಅಮೆರಿಕ ಸಂಯುಕ್ತ ಸಂಸ್ಥಾನದ ಭೂಸೇನೆಯ ಅಧಿಕಾರಿಯಾಗಿದ್ದ ಶ್ರೀ ಲೋನ್ಸ್ ವೆಸ್ಲಿ ವಿಗ್ಗರ್ ಜೂನಿಯರ್ ಅವರ ವೃತ್ತಿಜೀವನವನ್ನು ಆರಿಸಿಕೊಳ್ಳಲಾಗಿದೆ. ಎರಡು ಒಲಿಂಪಿಕ್ ಚಿನ್ನದ ಪದಕಗಳನ್ನು ಗಳಿಸಿದ ಇವರು, ಇಪ್ಪತ್ತೈದಕ್ಕೂ ಹೆಚ್ಚು ವರ್ಷಗಳ ಕಾಲ ಸೇನಾ ಸೇವೆಯನ್ನೂ ಸ್ಪರ್ಧೆಯನ್ನೂ ಒಟ್ಟಿಗೆ ನಡೆಸಿಕೊಂಡು ಬಂದವರು. ಇವರ ಜೀವನದಲ್ಲಿ ಒಂದು ಚಿನ್ನದ ಪದಕವು ಸಮ ಅಂಕಗಳಿಂದಾಗಿ ಕೈತಪ್ಪಿತು; ಮತ್ತೊಂದು ಸಮ ಅಂಕಗಳಿದ್ದರೂ ಕೈಸೇರಿತು. ಈ ಕ್ರೀಡೆಯ ಸ್ವಭಾವವನ್ನು ಅರಿಯಲು ಇದಕ್ಕಿಂತ ತಕ್ಕ ಉದಾಹರಣೆ ವಿರಳ.

2. ಸಂಕ್ಷಿಪ್ತ ವಿವರ

ಹೆಸರು: ಲೋನ್ಸ್ ವೆಸ್ಲಿ ವಿಗ್ಗರ್ ಜೂನಿಯರ್
ಜನನ: 25 ಆಗಸ್ಟ್ 1937, ಗ್ರೇಟ್ ಫಾಲ್ಸ್, ಮೊಂಟಾನಾ ರಾಜ್ಯ
ನಿಧನ: 14 ಡಿಸೆಂಬರ್ 2017, ಕೊಲರಾಡೋ ಸ್ಪ್ರಿಂಗ್ಸ್, ಕೊಲರಾಡೋ ರಾಜ್ಯ
ಸೇವೆ: ಅಮೆರಿಕದ ಭೂಸೇನೆ, 1987ರಲ್ಲಿ ಲೆಫ್ಟಿನೆಂಟ್ ಕರ್ನಲ್ ದರ್ಜೆಯಲ್ಲಿ ನಿವೃತ್ತಿ
ಸ್ಪರ್ಧಿಸಿದ ಒಲಿಂಪಿಕ್ಸ್: 1964 ಟೋಕಿಯೋ, 1968 ಮೆಕ್ಸಿಕೋ ನಗರ, 1972 ಮ್ಯೂನಿಕ್
ಒಲಿಂಪಿಕ್ ಪದಕಗಳು: ಚಿನ್ನ 2, ಬೆಳ್ಳಿ 1

3. ಬಾಲ್ಯ ಮತ್ತು ಶಿಕ್ಷಣ

ಶ್ರೀ ವಿಗ್ಗರ್ ಅವರು ಮೊಂಟಾನಾ ರಾಜ್ಯದ ಕಾರ್ಟರ್ ಎಂಬ ಸಣ್ಣ ಊರಿನ ಸಮೀಪದ ಕೃಷಿ ಮತ್ತು ಪಶುಪಾಲನೆಯ ಕುಟುಂಬದಲ್ಲಿ ಬೆಳೆದರು. ಮೊಂಟಾನಾ ರಾಜ್ಯವು ವಿಶಾಲವಾದ ಬಯಲು ಹಾಗೂ ವಿರಳ ಜನವಸತಿಯ ಪ್ರದೇಶ. ಅಲ್ಲಿ ಬಂದೂಕು ಮನೆಯ ಸಾಮಾನ್ಯ ಸಲಕರಣೆಗಳಲ್ಲಿ ಒಂದು. ಗುರಿಯಿಟ್ಟು ಹೊಡೆಯುವ ಮೊದಲ ಪಾಠವು ಅವರಿಗೆ ತಂದೆಯವರಿಂದಲೇ ದೊರೆಯಿತು.

ತರುವಾಯ ಅವರು ಬೋಜ್ಮನ್ ನಗರದಲ್ಲಿರುವ, ಇಂದು ಮೊಂಟಾನಾ ಸ್ಟೇಟ್ ವಿಶ್ವವಿದ್ಯಾಲಯವೆಂದು ಕರೆಯಲಾಗುವ ಸಂಸ್ಥೆಯಲ್ಲಿ ಅಧ್ಯಯನ ಮಾಡಿ 1960ರಲ್ಲಿ ಪದವಿ ಪಡೆದರು. ಕಾಲೇಜಿನ ವಿದ್ಯಾರ್ಥಿಗಳನ್ನು ಸೇನಾಧಿಕಾರಿಗಳನ್ನಾಗಿ ತರಬೇತುಗೊಳಿಸುವ ಯೋಜನೆಯ ಮೂಲಕ ಅವರಿಗೆ ಭೂಸೇನೆಯಲ್ಲಿ ಅಧಿಕಾರಿಯ ಹುದ್ದೆ ಲಭಿಸಿತು. ಅಮೆರಿಕದ ಕಾಲೇಜುಗಳಲ್ಲಿ ರೈಫಲ್ ತಂಡಗಳಿರುವುದು ವಾಡಿಕೆ. ಸೇನೆಯ ಶೂಟಿಂಗ್ ಘಟಕಕ್ಕೆ ಬಂದ ಅನೇಕ ಸ್ಪರ್ಧಾಳುಗಳು ಈ ದಾರಿಯಿಂದಲೇ ಬಂದವರಾಗಿದ್ದಾರೆ.

4. ಸೇನೆಯ ಗುರಿಕಾರಿಕೆ ಘಟಕ

ಅಮೆರಿಕದ ಭೂಸೇನೆಯ ಗುರಿಕಾರಿಕೆ ಘಟಕವನ್ನು 1956ರ ಮಾರ್ಚ್ 1ರಂದು ಜಾರ್ಜಿಯಾ ರಾಜ್ಯದ ಫೋರ್ಟ್ ಬೆನ್ನಿಂಗ್ ಸೇನಾ ನೆಲೆಯಲ್ಲಿ ಸ್ಥಾಪಿಸಲಾಯಿತು. ಆಗ ಅಧ್ಯಕ್ಷರಾಗಿದ್ದ ಡ್ವೈಟ್ ಐಸೆನ್‌ಹೋವರ್ ಅವರ ಆಸಕ್ತಿಯು ಇದರ ಸ್ಥಾಪನೆಗೆ ಕಾರಣವಾಯಿತು. ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಸೋವಿಯತ್ ಒಕ್ಕೂಟದ ಶೂಟರ್‌ಗಳು ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ ಮೇಲುಗೈ ಸಾಧಿಸಿದ್ದರು. ಶೀತಲ ಸಮರದ ಆ ಕಾಲದಲ್ಲಿ ಕ್ರೀಡಾಂಗಣದ ಸೋಲು ಗೆಲುವುಗಳಿಗೂ ರಾಜಕೀಯ ಮಹತ್ವವಿತ್ತು.

ಈ ನೆಲೆಗೆ 2023ರಲ್ಲಿ ಫೋರ್ಟ್ ಮೂರ್ ಎಂದು ಮರುನಾಮಕರಣ ಮಾಡಲಾಗಿತ್ತು. 2025ರಲ್ಲಿ ಫೋರ್ಟ್ ಬೆನ್ನಿಂಗ್ ಎಂಬ ಹೆಸರನ್ನು ಮತ್ತೆ ನೀಡಲಾಗಿದೆ.

ಘಟಕದ ಮುಖ್ಯ ಕಾರ್ಯಗಳು ಕೆಳಕಂಡಂತಿವೆ:

ಅ) ರಾಷ್ಟ್ರೀಯ ಹಾಗೂ ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ ಭಾಗವಹಿಸುವುದು.
ಆ) ಸೇನೆಯ ಇತರ ಸೈನಿಕರಿಗೆ ಗುರಿಕಾರಿಕೆಯ ತರಬೇತಿ ನೀಡುವುದು.
ಇ) ಬಂದೂಕು ಮತ್ತು ಮದ್ದುಗುಂಡುಗಳ ನಿಖರತೆಯನ್ನು ಸುಧಾರಿಸುವ ಕೆಲಸದಲ್ಲಿ ನೆರವಾಗುವುದು.

ಘಟಕದ ಸದಸ್ಯರು ಸೇನೆಯ ಸಮವಸ್ತ್ರ ಧರಿಸಿದ ಸೈನಿಕರೇ ಆಗಿರುತ್ತಾರೆ. ಸಂಬಳ, ಬಡ್ತಿ, ವರ್ಗಾವಣೆ, ಯುದ್ಧಭೂಮಿಯ ನಿಯೋಜನೆ ಇವೆಲ್ಲವೂ ಇತರ ಸೈನಿಕರಿಗೆ ಅನ್ವಯಿಸುವಂತೆ ಇವರಿಗೂ ಅನ್ವಯಿಸುತ್ತವೆ. ಅಭ್ಯಾಸಕ್ಕೆ ರೇಂಜ್, ಗುಂಡು, ತರಬೇತುದಾರ ಮತ್ತು ಸಮಯ ದೊರೆಯುವುದು ಇಲ್ಲಿನ ದೊಡ್ಡ ಅನುಕೂಲ. ಸೇನೆ ಬಯಸಿದ ಸ್ಥಳಕ್ಕೆ, ಬಯಸಿದ ಸಮಯದಲ್ಲಿ ಹೋಗಬೇಕಾದದ್ದು ಅದಕ್ಕೆ ತೆರಬೇಕಾದ ಬೆಲೆ. ಶ್ರೀ ವಿಗ್ಗರ್ ಅವರು 1960ರ ದಶಕದ ಆರಂಭದಲ್ಲಿ ಈ ಘಟಕದ ರೈಫಲ್ ತಂಡವನ್ನು ಸೇರಿದರು.

5. ಸ್ಪರ್ಧೆಯ ಸ್ವರೂಪ

ಮುಂದಿನ ವಿವರಗಳನ್ನು ಸರಿಯಾಗಿ ಗ್ರಹಿಸಲು ಸ್ಪರ್ಧೆಯ ನಿಯಮಗಳ ಪರಿಚಯ ಅವಶ್ಯಕ. ಶ್ರೀ ವಿಗ್ಗರ್ ಅವರು ಒಲಿಂಪಿಕ್ ಪದಕ ಗಳಿಸಿದ ಸ್ಪರ್ಧೆಗಳು ಮೂರು.

(1) 50 ಮೀಟರ್ ರೈಫಲ್, ಮೂರು ಭಂಗಿ: ಮಲಗಿ, ಮಂಡಿಯೂರಿ ಹಾಗೂ ನಿಂತು ಗುಂಡು ಹಾರಿಸಬೇಕು. ಆ ಕಾಲದಲ್ಲಿ ಪ್ರತಿ ಭಂಗಿಗೆ 40ರಂತೆ ಒಟ್ಟು 120 ಗುಂಡುಗಳು. ಗರಿಷ್ಠ ಅಂಕ 1200. ಬಳಸುವ ಗುಂಡಿನ ವ್ಯಾಸ 5.6 ಮಿಲಿಮೀಟರ್.

(2) 50 ಮೀಟರ್ ರೈಫಲ್, ಮಲಗಿದ ಭಂಗಿ: 60 ಗುಂಡುಗಳು, ಗರಿಷ್ಠ ಅಂಕ 600.

(3) 300 ಮೀಟರ್ ಫ್ರೀ ರೈಫಲ್, ಮೂರು ಭಂಗಿ: ಹೆಚ್ಚಿನ ಶಕ್ತಿಯ ಗುಂಡುಗಳನ್ನು ಬಳಸಿ 300 ಮೀಟರ್ ದೂರದ ಗುರಿಗೆ 120 ಗುಂಡುಗಳನ್ನು ಹಾರಿಸಬೇಕು, ಗರಿಷ್ಠ ಅಂಕ 1200.

ಇಂದಿನ ಅಂತಾರಾಷ್ಟ್ರೀಯ ನಿಯಮದಂತೆ 50 ಮೀಟರ್ ಗುರಿಯ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿಲಿಮೀಟರ್ ಮಾತ್ರ. ಅಂದರೆ ಅಂಗಿಯ ಗುಂಡಿಯಷ್ಟು ಅಗಲದ ವೃತ್ತವನ್ನು ಐವತ್ತು ಮೀಟರ್ ದೂರದಿಂದ ಹೊಡೆಯಬೇಕು. 300 ಮೀಟರ್ ಗುರಿಯಲ್ಲಿ ಈ ವೃತ್ತದ ವ್ಯಾಸ 100 ಮಿಲಿಮೀಟರ್.

ಮಲಗಿದ ಭಂಗಿಯಲ್ಲಿ ಎರಡೂ ಮೊಣಕೈಗಳು ನೆಲಕ್ಕೆ ಊರಿರುತ್ತವೆ. ತೋಳಿಗೆ ಬಿಗಿದ ಪಟ್ಟಿಯು ರೈಫಲ್ಲಿನ ಭಾರವನ್ನು ಹೊರುತ್ತದೆ. ಮಂಡಿಯೂರಿದ ಭಂಗಿಯಲ್ಲಿಯೂ ಪಟ್ಟಿಯನ್ನು ಬಳಸಬಹುದು. ನಿಂತ ಭಂಗಿಯಲ್ಲಿ ಪಟ್ಟಿಗೆ ಅವಕಾಶವಿಲ್ಲ. ಎಲುಬುಗಳ ಜೋಡಣೆಯ ಮೇಲೆಯೇ ರೈಫಲ್ಲನ್ನು ನಿಲ್ಲಿಸಬೇಕು. ಹೃದಯದ ಬಡಿತ ಹಾಗೂ ಉಸಿರಾಟದಿಂದ ನಳಿಗೆಯ ತುದಿ ಸದಾ ಅಲುಗುತ್ತಿರುತ್ತದೆ. ಆದ್ದರಿಂದ ಮೂರು ಭಂಗಿಗಳ ಸ್ಪರ್ಧೆಯ ಗೆಲುವು ಬಹುಮಟ್ಟಿಗೆ ನಿಂತ ಭಂಗಿಯಲ್ಲಿ ನಿರ್ಧಾರವಾಗುತ್ತದೆ.

ಇವೆಲ್ಲಕ್ಕೂ ಮಿಗಿಲಾದುದು ಗಾಳಿ. ಬಯಲು ರೇಂಜಿನಲ್ಲಿ ಗಾಳಿಯ ದಿಕ್ಕು ಮತ್ತು ವೇಗ ಬದಲಾದಂತೆ ಗುಂಡು ಪಕ್ಕಕ್ಕೆ ಸರಿಯುತ್ತದೆ. ರೇಂಜಿನ ಉದ್ದಕ್ಕೂ ನೆಟ್ಟಿರುವ ಸಣ್ಣ ಬಾವುಟಗಳನ್ನು ನೋಡಿ, ಯಾವಾಗ ಹೊಡೆಯಬೇಕು, ಯಾವಾಗ ಬಂದೂಕು ಕೆಳಗಿಳಿಸಿ ಕಾಯಬೇಕು ಎಂಬುದನ್ನು ಸ್ಪರ್ಧಾಳುವೇ ನಿರ್ಧರಿಸಬೇಕು. ಸಮಯಕ್ಕೆ ಮಿತಿ ಇರುವುದರಿಂದ ಹೆಚ್ಚು ಕಾಯುವಂತೆಯೂ ಇಲ್ಲ. ವರ್ಷಗಳ ಅನುಭವವು ಫಲ ನೀಡುವುದು ಇಲ್ಲಿಯೇ.

6. ಟೋಕಿಯೋ ಒಲಿಂಪಿಕ್ಸ್, 1964

ಟೋಕಿಯೋ ಒಲಿಂಪಿಕ್ಸ್‌ನ ರೈಫಲ್ ಸ್ಪರ್ಧೆಗಳು 1964ರ ಅಕ್ಟೋಬರ್ ತಿಂಗಳಿನಲ್ಲಿ ಅಸಾಕಾ ರೇಂಜಿನಲ್ಲಿ ಜರುಗಿದವು. ಶ್ರೀ ವಿಗ್ಗರ್ ಅವರಿಗೆ ಆಗ 27 ವರ್ಷ.

ಮಲಗಿದ ಭಂಗಿಯ ಸ್ಪರ್ಧೆಯಲ್ಲಿ ಅವರು 600ಕ್ಕೆ 597 ಅಂಕ ಗಳಿಸಿದರು. ಅಂದರೆ 60 ಗುಂಡುಗಳಲ್ಲಿ ಕಳೆದುಕೊಂಡದ್ದು ಕೇವಲ 3 ಅಂಕ. ಹಂಗೇರಿಯ ಲಾಸ್ಲೋ ಹಮ್ಮರ್ಲ್ ಅವರೂ ಅಷ್ಟೇ ಅಂಕ ಗಳಿಸಿದ್ದರು. ಸಮ ಅಂಕಗಳನ್ನು ಬಿಡಿಸುವ ನಿಯಮದಂತೆ ಹಮ್ಮರ್ಲ್ ಅವರಿಗೆ ಚಿನ್ನ, ಶ್ರೀ ವಿಗ್ಗರ್ ಅವರಿಗೆ ಬೆಳ್ಳಿ ಎಂದು ನಿರ್ಣಯವಾಯಿತು. 596 ಅಂಕ ಗಳಿಸಿದ ಅಮೆರಿಕದ ಟಾಮಿ ಪೂಲ್ ಅವರಿಗೆ ಕಂಚಿನ ಪದಕ ದೊರೆಯಿತು. ಮೊದಲ ಮೂವರ ನಡುವಿನ ಅಂತರ ಒಂದೇ ಒಂದು ಅಂಕ ಎಂಬುದನ್ನು ಗಮನಿಸಬಹುದು.

ಮೂರು ಭಂಗಿಗಳ ಸ್ಪರ್ಧೆಯಲ್ಲಿ ಯಾವುದೇ ಸಂಶಯಕ್ಕೆ ಎಡೆಯಿರಲಿಲ್ಲ. ಫಲಿತಾಂಶ ಇಂತಿತ್ತು:

ಚಿನ್ನ: ಲೋನ್ಸ್ ವಿಗ್ಗರ್, ಅಮೆರಿಕ, 1164 ಅಂಕ (ವಿಶ್ವ ದಾಖಲೆ)
ಬೆಳ್ಳಿ: ವೆಲಿಚ್ಕೋ ಹ್ರಿಸ್ತೋವ್, ಬಲ್ಗೇರಿಯಾ, 1152 ಅಂಕ
ಕಂಚು: ಲಾಸ್ಲೋ ಹಮ್ಮರ್ಲ್, ಹಂಗೇರಿ, 1151 ಅಂಕ

ಎರಡನೆಯ ಮತ್ತು ಮೂರನೆಯ ಸ್ಥಾನಗಳ ನಡುವೆ 1 ಅಂಕದ ಅಂತರವಿದ್ದರೆ, ಮೊದಲನೆಯ ಮತ್ತು ಎರಡನೆಯ ಸ್ಥಾನಗಳ ನಡುವೆ 12 ಅಂಕಗಳ ಅಂತರವಿತ್ತು. ಮಲಗಿದ ಭಂಗಿಯಲ್ಲಿ ಸಮ ಅಂಕಗಳಿಂದ ಚಿನ್ನ ಕಳೆದುಕೊಂಡ ಸ್ಪರ್ಧಾಳು ಅದೇ ಕೂಟದಲ್ಲಿ ವಿಶ್ವ ದಾಖಲೆ ಸ್ಥಾಪಿಸಿದ್ದು ಈ ಕ್ರೀಡೆಯಲ್ಲಿ ಮನಸ್ಸಿನ ಸ್ಥಿರತೆಗೆ ಇರುವ ಬೆಲೆಯನ್ನು ತೋರಿಸುತ್ತದೆ. ಅದೇ ಕೂಟದ 300 ಮೀಟರ್ ಸ್ಪರ್ಧೆಯ ಚಿನ್ನವನ್ನೂ ಅಮೆರಿಕದ ಗ್ಯಾರಿ ಆಂಡರ್ಸನ್ ಅವರು ಪಡೆದುಕೊಂಡರು.

7. ಮೆಕ್ಸಿಕೋ ನಗರ ಮತ್ತು ವಿಯೆಟ್ನಾಂ

ಶ್ರೀ ವಿಗ್ಗರ್ ಅವರು 1968ರ ಮೆಕ್ಸಿಕೋ ನಗರದ ಒಲಿಂಪಿಕ್ಸ್‌ನಲ್ಲಿಯೂ ಸ್ಪರ್ಧಿಸಿದರು. ಅಲ್ಲಿ ಅವರಿಗೆ ಪದಕ ದೊರೆಯಲಿಲ್ಲ. ವಿಶ್ವ ದಾಖಲೆಯೊಡನೆ ಚಿನ್ನ ಗೆದ್ದವರು ನಾಲ್ಕೇ ವರ್ಷಗಳಲ್ಲಿ ಬರಿಗೈಯಲ್ಲಿ ಮರಳುವುದು ಈ ಕ್ರೀಡೆಯಲ್ಲಿ ಅಪರೂಪವಲ್ಲ.

ಇದೇ ಕಾಲಾವಧಿಯಲ್ಲಿ ಅಮೆರಿಕವು ವಿಯೆಟ್ನಾಂ ಯುದ್ಧದಲ್ಲಿ ತೊಡಗಿತ್ತು. ಶ್ರೀ ವಿಗ್ಗರ್ ಅವರು ವಿಯೆಟ್ನಾಂನಲ್ಲಿಯೂ ಸೇವೆ ಸಲ್ಲಿಸಿದರು. ಸ್ನೈಪರ್‌ಗಳ ತರಬೇತಿಗೆ ಸಂಬಂಧಿಸಿದ ಕರ್ತವ್ಯವನ್ನು ಅಲ್ಲಿ ನಿರ್ವಹಿಸಿದರು. ಸೇನೆಯ ದೃಷ್ಟಿಯಲ್ಲಿ ಗುರಿಕಾರಿಕೆ ಘಟಕದ ಸದಸ್ಯರ ಪರಿಣತಿಯು ಪದಕಗಳಿಗಷ್ಟೇ ಮೀಸಲಾದುದಲ್ಲ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ಈ ಸಂಗತಿಯನ್ನು ಸೇನೆಯ ಮೂಲಕ ಕ್ರೀಡೆಗೆ ಬರಬಯಸುವವರು ವಿಶೇಷವಾಗಿ ಗಮನಿಸತಕ್ಕದ್ದು. ನಾಗರಿಕ ಸ್ಪರ್ಧಾಳುವಿಗೆ ರೈಫಲ್ ಕ್ರೀಡಾ ಸಲಕರಣೆ ಮಾತ್ರ. ಸೈನಿಕನಿಗೆ ಅದು ಆಯುಧವೂ ಹೌದು. ರೇಂಜಿನಲ್ಲಿ ಕಾಗದದ ಗುರಿಯ ಮೇಲೆ ಕಲಿತ ಉಸಿರಾಟದ ಹಿಡಿತ, ಟ್ರಿಗರ್ ಒತ್ತುವ ಬಗೆ, ಗಾಳಿಯನ್ನು ಓದುವ ಜಾಣ್ಮೆಗಳನ್ನು ಯುದ್ಧಭೂಮಿಯಲ್ಲಿ ಮನುಷ್ಯರ ಮೇಲೆ ಪ್ರಯೋಗಿಸುವ ಅಥವಾ ಹಾಗೆ ಪ್ರಯೋಗಿಸಲು ಇತರರಿಗೆ ಕಲಿಸುವ ಕರ್ತವ್ಯ ಅವನ ಪಾಲಿಗೆ ಬರಬಹುದು. ಸೇನೆಗೆ ಸೇರುವ ನಿರ್ಧಾರವನ್ನು ಕ್ರೀಡಾ ಸೌಲಭ್ಯಗಳನ್ನಷ್ಟೇ ನೋಡಿ ಕೈಗೊಳ್ಳುವುದು ಸೂಕ್ತವಲ್ಲ.

8. ಮ್ಯೂನಿಕ್ ಒಲಿಂಪಿಕ್ಸ್, 1972

ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಶ್ರೀ ವಿಗ್ಗರ್ ಅವರು 300 ಮೀಟರ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಭಾಗವಹಿಸಿದರು. ಆಗ ಅವರಿಗೆ 35 ವರ್ಷ. ಫಲಿತಾಂಶ ಇಂತಿತ್ತು:

ಚಿನ್ನ: ಲೋನ್ಸ್ ವಿಗ್ಗರ್, ಅಮೆರಿಕ, 1155 ಅಂಕ
ಬೆಳ್ಳಿ: ಬೋರಿಸ್ ಮೆಲ್ನಿಕ್, ಸೋವಿಯತ್ ಒಕ್ಕೂಟ, 1155 ಅಂಕ
ಕಂಚು: ಲಾಯೋಶ್ ಪಾಪ್, ಹಂಗೇರಿ, 1149 ಅಂಕ

ಇಬ್ಬರಿಗೂ 1155 ಅಂಕಗಳು. 120 ಗುಂಡುಗಳನ್ನು ಹಾರಿಸಿದ ನಂತರವೂ ಇಬ್ಬರ ನಡುವೆ ಒಂದು ಅಂಕದ ವ್ಯತ್ಯಾಸವೂ ಇರಲಿಲ್ಲ. ಈ ಬಾರಿ ಸಮ ಅಂಕಗಳ ನಿಯಮವು ಶ್ರೀ ವಿಗ್ಗರ್ ಅವರ ಪರವಾಗಿತ್ತು. ಟೋಕಿಯೋದಲ್ಲಿ ಅವರ ಕೈಯಿಂದ ಚಿನ್ನವನ್ನು ಕಸಿದುಕೊಂಡಂತಹ ನಿಯಮವೇ ಎಂಟು ವರ್ಷಗಳ ನಂತರ ಅವರಿಗೆ ಚಿನ್ನವನ್ನು ಒದಗಿಸಿತು. ಅದೇ ಕೂಟದಲ್ಲಿ 50 ಮೀಟರ್ ಮೂರು ಭಂಗಿಗಳ ಚಿನ್ನವನ್ನು ಅಮೆರಿಕದ ಜಾನ್ ರೈಟರ್ ಅವರು 1166 ಅಂಕಗಳೊಡನೆ ಪಡೆದರು.

300 ಮೀಟರ್ ರೈಫಲ್ ಸ್ಪರ್ಧೆಯು ಒಲಿಂಪಿಕ್ಸ್‌ನಲ್ಲಿ ನಡೆದದ್ದು ಅದೇ ಕಡೆಯ ಬಾರಿ. 1972ರ ನಂತರ ಅದನ್ನು ಒಲಿಂಪಿಕ್ ಕಾರ್ಯಕ್ರಮದಿಂದ ಕೈಬಿಡಲಾಯಿತು. ಆದ್ದರಿಂದ ಈ ಸ್ಪರ್ಧೆಯ ಕೊನೆಯ ಒಲಿಂಪಿಕ್ ವಿಜೇತರೆಂದು ಶ್ರೀ ವಿಗ್ಗರ್ ಅವರ ಹೆಸರು ಉಳಿದುಕೊಂಡಿದೆ. ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಹಾಗೂ ಸೇನೆಗಳ ನಡುವಿನ ಸ್ಪರ್ಧೆಗಳಲ್ಲಿ 300 ಮೀಟರ್ ಸ್ಪರ್ಧೆಯು ಆನಂತರವೂ ಮುಂದುವರಿಯಿತು.

9. ಸಮ ಅಂಕಗಳ ಪ್ರಶ್ನೆ: ಮಾಂಟ್ರಿಯಲ್, 1976

1976ರ ಮಾಂಟ್ರಿಯಲ್ ಒಲಿಂಪಿಕ್ಸ್ ತಂಡದಲ್ಲಿ ಶ್ರೀ ವಿಗ್ಗರ್ ಅವರಿರಲಿಲ್ಲ. ಆದರೆ ಅಮೆರಿಕದ ಸೇನಾ ಗುರಿಕಾರಿಕೆ ಘಟಕದಲ್ಲಿ ಪಳಗಿದ ಇಬ್ಬರು ಸ್ಪರ್ಧಾಳುಗಳಿಂದಾಗಿ ಅಲ್ಲಿ ನಡೆದ ಘಟನೆಯನ್ನು ಉಲ್ಲೇಖಿಸುವುದು ಅವಶ್ಯಕ.

50 ಮೀಟರ್ ಮೂರು ಭಂಗಿಗಳ ಸ್ಪರ್ಧೆಯು ಆಗ ಪುರುಷರು ಮತ್ತು ಮಹಿಳೆಯರಿಗೆ ಒಂದೇ ಆಗಿತ್ತು. ಅಮೆರಿಕದ ಲ್ಯಾನಿ ಬ್ಯಾಶಮ್ ಹಾಗೂ ಮಾರ್ಗರೆಟ್ ಮರ್ಡಾಕ್ ಇಬ್ಬರೂ 1162 ಅಂಕ ಗಳಿಸಿದರು. ಗುರಿಪತ್ರಗಳ ಪರಿಶೀಲನೆಯ ನಂತರ ನಿಯಮಾನುಸಾರ ಬ್ಯಾಶಮ್ ಅವರಿಗೆ ಚಿನ್ನವನ್ನೂ ಮರ್ಡಾಕ್ ಅವರಿಗೆ ಬೆಳ್ಳಿಯನ್ನೂ ನೀಡಲಾಯಿತು. ಪದಕ ಪ್ರದಾನದ ವೇಳೆ ರಾಷ್ಟ್ರಗೀತೆ ನುಡಿಸುವಾಗ ಬ್ಯಾಶಮ್ ಅವರು ಮರ್ಡಾಕ್ ಅವರನ್ನು ಅತ್ಯುನ್ನತ ಮೆಟ್ಟಿಲಿಗೆ ಕರೆದು ತಮ್ಮ ಪಕ್ಕದಲ್ಲಿ ನಿಲ್ಲಿಸಿಕೊಂಡರು. ಶೂಟಿಂಗ್ ಕ್ರೀಡೆಯಲ್ಲಿ ಒಲಿಂಪಿಕ್ ಪದಕ ಪಡೆದ ಮೊದಲ ಮಹಿಳೆ ಮಾರ್ಗರೆಟ್ ಮರ್ಡಾಕ್.

ಸಮ ಅಂಕಗಳ ಪ್ರಶ್ನೆಯು ಕ್ರಮೇಣ ನಿಯಮಗಳ ಬದಲಾವಣೆಗಳಿಂದ ಬಹುಮಟ್ಟಿಗೆ ಪರಿಹಾರವಾಗಿದೆ. ಈಗ ಅರ್ಹತಾ ಸುತ್ತಿನಲ್ಲಿ ಮೊದಲ ಎಂಟು ಸ್ಥಾನ ಪಡೆದವರು ಅಂತಿಮ ಸುತ್ತಿನಲ್ಲಿ ಸ್ಪರ್ಧಿಸುತ್ತಾರೆ. ಅಂತಿಮ ಸುತ್ತಿನಲ್ಲಿ ಅಂಕಗಳನ್ನು ದಶಮಾಂಶದಲ್ಲಿ ಲೆಕ್ಕಿಸಲಾಗುತ್ತದೆ. ಒಂದು ಗುಂಡಿಗೆ ಗರಿಷ್ಠ 10.9 ಅಂಕ. ಹೊರಹಾಕುವ ಹಂತದಲ್ಲಿ ಸಮ ಅಂಕಗಳಾದಲ್ಲಿ ಹೆಚ್ಚುವರಿ ಗುಂಡು ಹಾರಿಸಿ ನಿರ್ಣಯಿಸಲಾಗುತ್ತದೆ. ಕಾಗದದ ಗುರಿಗಳ ಬದಲಿಗೆ ವಿದ್ಯುನ್ಮಾನ ಗುರಿಗಳು ಬಳಕೆಯಲ್ಲಿವೆ.

10. ನಾಲ್ಕನೆಯ ಬಾರಿ ಆಯ್ಕೆ: 1980

1980ರಲ್ಲಿ ಶ್ರೀ ವಿಗ್ಗರ್ ಅವರು ನಾಲ್ಕನೆಯ ಬಾರಿಗೆ ಅಮೆರಿಕದ ಒಲಿಂಪಿಕ್ ತಂಡಕ್ಕೆ ಅರ್ಹತೆ ಪಡೆದರು. ಆಗ ಅವರಿಗೆ ನಲವತ್ತು ದಾಟಿತ್ತು. ಆದರೆ 1979ರ ಡಿಸೆಂಬರ್‌ನಲ್ಲಿ ಸೋವಿಯತ್ ಸೇನೆಯು ಅಫ್ಘಾನಿಸ್ತಾನವನ್ನು ಪ್ರವೇಶಿಸಿದ ಕಾರಣ, ಅಮೆರಿಕವು ಮಾಸ್ಕೋ ಒಲಿಂಪಿಕ್ಸ್ ಅನ್ನು ಬಹಿಷ್ಕರಿಸಿತು. ಆಯ್ಕೆಯಾಗಿದ್ದ ಕ್ರೀಡಾಪಟುಗಳು ಸ್ಪರ್ಧಿಸದೆಯೇ ಉಳಿದರು.

ನಾಗರಿಕ ಕ್ರೀಡಾಪಟುಗಳಲ್ಲಿ ಕೆಲವರು ಈ ನಿರ್ಧಾರವನ್ನು ಬಹಿರಂಗವಾಗಿ ವಿರೋಧಿಸಿದರು. ಸರ್ಕಾರದ ಆದೇಶಕ್ಕೆ ಬದ್ಧನಾದ ಸೇನಾಧಿಕಾರಿಗೆ ಅಂತಹ ಅವಕಾಶ ಕಡಿಮೆ. ನಾಲ್ಕು ವರ್ಷಗಳ ಸಿದ್ಧತೆಯು ರೇಂಜಿನ ಹೊರಗೆ ಕೈಗೊಂಡ ಒಂದು ನಿರ್ಣಯದಿಂದ ವ್ಯರ್ಥವಾಗಬಹುದು ಎಂಬುದಕ್ಕೆ ಇದು ನಿದರ್ಶನ.

11. ನಿವೃತ್ತಿ ಮತ್ತು ಗೌರವಗಳು

ಶ್ರೀ ವಿಗ್ಗರ್ ಅವರು 1987ರಲ್ಲಿ ಲೆಫ್ಟಿನೆಂಟ್ ಕರ್ನಲ್ ದರ್ಜೆಯಲ್ಲಿ ಸೇನೆಯಿಂದ ನಿವೃತ್ತರಾದರು. ತದನಂತರ ಕೊಲರಾಡೋ ಸ್ಪ್ರಿಂಗ್ಸ್‌ನಲ್ಲಿ ನೆಲೆಸಿ, ಅಮೆರಿಕದ ರಾಷ್ಟ್ರೀಯ ಶೂಟಿಂಗ್ ತಂಡದ ಆಡಳಿತದಲ್ಲಿ ಹೊಣೆ ಹೊತ್ತರು.

ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ ಅವರು ಒಟ್ಟು 111 ಪದಕಗಳನ್ನು ಗಳಿಸಿ 29 ವಿಶ್ವ ದಾಖಲೆಗಳನ್ನು ಸ್ಥಾಪಿಸಿದರೆಂದು ಅಮೆರಿಕದ ಕ್ರೀಡಾ ಸಂಸ್ಥೆಗಳು ಪರಿಗಣಿಸಿವೆ. 1996ರಲ್ಲಿ ಅಮೆರಿಕದ ಒಲಿಂಪಿಕ್ ಸಮಿತಿಯು ಹೆಸರಿಸಿದ ದೇಶದ ನೂರು ಶ್ರೇಷ್ಠ ಒಲಿಂಪಿಯನ್‌ಗಳಲ್ಲಿ ಅವರೂ ಸೇರಿದ್ದಾರೆ. ಅವರ ಪುತ್ರಿ ಡೀನಾ ವಿಗ್ಗರ್ ಅವರೂ ರೈಫಲ್ ಶೂಟರ್ ಆಗಿ ಬೆಳೆದು 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದರು. ಶ್ರೀ ವಿಗ್ಗರ್ ಅವರು 2017ರ ಡಿಸೆಂಬರ್ 14ರಂದು, ತಮ್ಮ 80ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು.

12. ಭಾರತದಲ್ಲಿ ಸೇನೆ ಮತ್ತು ಶೂಟಿಂಗ್

ಭಾರತೀಯ ಭೂಸೇನೆಯೂ ಮಧ್ಯಪ್ರದೇಶದ ಮಹೂ ಪಟ್ಟಣದಲ್ಲಿ ಸೇನಾ ಗುರಿಕಾರಿಕೆ ಘಟಕವನ್ನು ಹೊಂದಿದೆ. ಭಾರತೀಯ ಸೇನೆಯ ಶೂಟರ್‌ಗಳ ಕೆಲವು ಪ್ರಮುಖ ಸಾಧನೆಗಳು ಇಂತಿವೆ:

ಅ) 2004, ಅಥೆನ್ಸ್ ಒಲಿಂಪಿಕ್ಸ್: ರಾಜ್ಯವರ್ಧನ್ ಸಿಂಗ್ ರಾಥೋಡ್, ಡಬಲ್ ಟ್ರ್ಯಾಪ್, ಬೆಳ್ಳಿ.
ಆ) 2012, ಲಂಡನ್ ಒಲಿಂಪಿಕ್ಸ್: ವಿಜಯ್ ಕುಮಾರ್, 25 ಮೀಟರ್ ರ್‍ಯಾಪಿಡ್ ಫೈರ್ ಪಿಸ್ತೂಲ್, ಬೆಳ್ಳಿ.
ಇ) 2014, ಇಂಚಿಯಾನ್ ಏಷ್ಯನ್ ಕ್ರೀಡಾಕೂಟ: ಚೈನ್ ಸಿಂಗ್, 50 ಮೀಟರ್ ರೈಫಲ್ ಮೂರು ಭಂಗಿ, ಕಂಚು.

ಇವುಗಳಲ್ಲಿ ಮೊದಲನೆಯದು ಷಾಟ್‌ಗನ್, ಎರಡನೆಯದು ಪಿಸ್ತೂಲ್, ಮೂರನೆಯದು ರೈಫಲ್ ವಿಭಾಗಕ್ಕೆ ಸೇರಿದವು. ಶ್ರೀ ವಿಗ್ಗರ್ ಅವರು 1964ರಲ್ಲಿ ಗೆದ್ದ 50 ಮೀಟರ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಭಾರತಕ್ಕೆ ಒಲಿಂಪಿಕ್ ಪದಕ ದೊರೆತದ್ದು 2024ರ ಪ್ಯಾರಿಸ್ ಕೂಟದಲ್ಲಿ. ರೈಲ್ವೆ ಇಲಾಖೆಯ ಉದ್ಯೋಗಿಯಾದ ಸ್ವಪ್ನಿಲ್ ಕುಸಾಳೆ ಅವರು ಅಲ್ಲಿ ಕಂಚಿನ ಪದಕ ಗಳಿಸಿದರು. ಈಗ ಈ ಸ್ಪರ್ಧೆಯ ಅರ್ಹತಾ ಸುತ್ತಿನಲ್ಲಿ ಪ್ರತಿ ಭಂಗಿಗೆ 20ರಂತೆ ಒಟ್ಟು 60 ಗುಂಡುಗಳಿದ್ದು, ಗರಿಷ್ಠ ಅಂಕ 600 ಆಗಿದೆ. 50 ಮೀಟರ್ ಮಲಗಿದ ಭಂಗಿಯ ಸ್ಪರ್ಧೆಯನ್ನು 2016ರ ರಿಯೋ ಕೂಟದ ನಂತರ ಒಲಿಂಪಿಕ್ಸ್‌ನಿಂದ ಕೈಬಿಡಲಾಗಿದೆ.

ಎಳೆಯ ವಯಸ್ಸಿನ ಬಾಲಕರಿಗೆ ವಿದ್ಯಾಭ್ಯಾಸದೊಡನೆ ಕ್ರೀಡಾ ತರಬೇತಿ ನೀಡುವ ಬಾಯ್ಸ್ ಸ್ಪೋರ್ಟ್ಸ್ ಕಂಪನಿಗಳನ್ನು ಭೂಸೇನೆಯು ಹಲವು ರೆಜಿಮೆಂಟ್ ಕೇಂದ್ರಗಳಲ್ಲಿ ನಡೆಸುತ್ತದೆ. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್ ಮತ್ತು ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರಗಳಲ್ಲಿಯೂ ಇಂತಹ ಕಂಪನಿಗಳಿವೆ. ಪ್ರತಿ ಕೇಂದ್ರದಲ್ಲಿಯೂ ಎಲ್ಲ ಕ್ರೀಡೆಗಳಿಗೆ ಅವಕಾಶವಿರುವುದಿಲ್ಲ. ಯಾವ ಕೇಂದ್ರದಲ್ಲಿ ಶೂಟಿಂಗ್ ವಿಭಾಗಕ್ಕೆ ಆಯ್ಕೆ ನಡೆಯುತ್ತಿದೆ ಎಂಬುದನ್ನು ಆಯಾ ಪ್ರಕಟಣೆಯಲ್ಲಿ ಪರಿಶೀಲಿಸಿಕೊಳ್ಳತಕ್ಕದ್ದು.

13. ಅರ್ಜಿದಾರರ ಗಮನಕ್ಕೆ

(1) ಬಂದೂಕನ್ನು ಹೊಂದಲು ಶಸ್ತ್ರಾಸ್ತ್ರ ಅಧಿನಿಯಮ, 1959 ಹಾಗೂ ಶಸ್ತ್ರಾಸ್ತ್ರ ನಿಯಮಗಳು, 2016ರ ಅನ್ವಯ ಪರವಾನಗಿ ಪಡೆಯುವುದು ಕಡ್ಡಾಯ. ಕ್ರೀಡೆಯ ಉದ್ದೇಶ ಎಂಬ ಕಾರಣದಿಂದ ಪರವಾನಗಿಯ ಅಗತ್ಯ ತಾನಾಗಿ ತಪ್ಪುವುದಿಲ್ಲ.

(2) ಪೊಲೀಸ್ ಕಮಿಷನರೇಟ್ ಇರುವ ನಗರಗಳಲ್ಲಿ ಪೊಲೀಸ್ ಆಯುಕ್ತರಿಗೂ ಇತರೆಡೆ ಜಿಲ್ಲಾ ದಂಡಾಧಿಕಾರಿಗಳಿಗೂ ಅರ್ಜಿ ಸಲ್ಲಿಸತಕ್ಕದ್ದು.

(3) ಪರವಾನಗಿಗೆ ಸಾಮಾನ್ಯವಾಗಿ 21 ವರ್ಷ ಪೂರ್ಣಗೊಂಡಿರಬೇಕು. ಅದಕ್ಕಿಂತ ಕಡಿಮೆ ವಯಸ್ಸಿನವರ ತರಬೇತಿಗೆ ನಿಯಮಗಳಲ್ಲಿ ಪ್ರತ್ಯೇಕ ಷರತ್ತುಗಳಿವೆ.

(4) ಹೊಸದಾಗಿ ಕಲಿಯುವವರು ಮಾನ್ಯತೆ ಪಡೆದ ರೈಫಲ್ ಸಂಸ್ಥೆಯ ಸದಸ್ಯರಾಗಿ, ತರಬೇತುದಾರರ ಮೇಲ್ವಿಚಾರಣೆಯಲ್ಲಿ 10 ಮೀಟರ್ ಏರ್ ರೈಫಲ್‌ನಿಂದ ಅಭ್ಯಾಸ ಆರಂಭಿಸುವುದು ಸೂಕ್ತ. ರಾಷ್ಟ್ರಮಟ್ಟದಲ್ಲಿ ಈ ಕ್ರೀಡೆಯನ್ನು 1951ರಲ್ಲಿ ಸ್ಥಾಪನೆಗೊಂಡ ಭಾರತೀಯ ರಾಷ್ಟ್ರೀಯ ರೈಫಲ್ ಸಂಘವು ನಿರ್ವಹಿಸುತ್ತದೆ.

(5) ಸ್ವಂತ ರೈಫಲ್ ಖರೀದಿಸುವ ಮುನ್ನ ಕ್ಲಬ್ಬಿನ ರೈಫಲ್ಲಿನಲ್ಲಿ ಕೆಲವು ತಿಂಗಳಾದರೂ ಅಭ್ಯಾಸ ಮಾಡುವುದು ಒಳಿತು. ಭಂಗಿಯೇ ಸರಿಯಾಗಿ ರೂಢಿಯಾಗದೆ ದುಬಾರಿ ಸಲಕರಣೆಯಿಂದ ಪ್ರಯೋಜನವಾಗದು.

14. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸೇನೆಗೆ ಸೇರಿದರೆ ಶೂಟಿಂಗ್ ತಂಡದಲ್ಲಿ ಸ್ಥಾನ ಖಚಿತವೇ?
ಉತ್ತರ: ಇಲ್ಲ. ತಂಡದ ಆಯ್ಕೆಯು ಅಂಕಗಳನ್ನು ಅವಲಂಬಿಸಿದೆ. ಎರಡು ಚಿನ್ನ ಗೆದ್ದ ಶ್ರೀ ವಿಗ್ಗರ್ ಅವರೂ 1976ರ ತಂಡದಲ್ಲಿರಲಿಲ್ಲ. 1980ರಲ್ಲಿ ಮತ್ತೆ ಅರ್ಹತೆ ಗಳಿಸಿದರು.

ಪ್ರಶ್ನೆ: ಮೂವತ್ತು ವರ್ಷ ಮೀರಿದವರಿಗೆ ಈ ಕ್ರೀಡೆಯಲ್ಲಿ ಭವಿಷ್ಯವಿದೆಯೇ?
ಉತ್ತರ: ಇದೆ. ರೈಫಲ್ ಶೂಟಿಂಗ್‌ನಲ್ಲಿ ವೇಗ ಮತ್ತು ತೋಳ್ಬಲಕ್ಕಿಂತ ಸ್ಥಿರತೆ ಮತ್ತು ಅನುಭವ ಮುಖ್ಯ. ಶ್ರೀ ವಿಗ್ಗರ್ ಅವರು ಎರಡನೆಯ ಚಿನ್ನ ಗೆದ್ದಾಗ 35 ವರ್ಷದವರಾಗಿದ್ದರು.

ಪ್ರಶ್ನೆ: ಕನ್ನಡಕ ಧರಿಸುವವರು ಸ್ಪರ್ಧಿಸಬಹುದೇ?
ಉತ್ತರ: ಶೂಟಿಂಗ್ ಸ್ಪರ್ಧೆಗಳಲ್ಲಿ ದೃಷ್ಟಿದೋಷ ಸರಿಪಡಿಸುವ ಮಸೂರಗಳಿಗೆ ಅವಕಾಶವಿದೆ. ಸೇನೆಗೆ ಸೇರಲು ಮಾತ್ರ ಸೇನೆಯೇ ನಿಗದಿಪಡಿಸಿದ ದೃಷ್ಟಿ ಮಾನದಂಡಗಳು ಪ್ರತ್ಯೇಕವಾಗಿ ಅನ್ವಯಿಸುತ್ತವೆ.

ಪ್ರಶ್ನೆ: ಮಹಿಳೆಯರು ಪುರುಷರಿಗೆ ಸಮನಾಗಿ ಸ್ಪರ್ಧಿಸಲು ಸಾಧ್ಯವೇ?
ಉತ್ತರ: 1976ರಲ್ಲಿ ಮಾರ್ಗರೆಟ್ ಮರ್ಡಾಕ್ ಅವರು ಮುಕ್ತ ಸ್ಪರ್ಧೆಯಲ್ಲಿ ವಿಜೇತರಷ್ಟೇ ಅಂಕ ಗಳಿಸಿದ್ದು ಇದಕ್ಕೆ ಉತ್ತರ. ಈಗ ಪುರುಷರು ಮತ್ತು ಮಹಿಳೆಯರಿಗೆ ಪ್ರತ್ಯೇಕ ಸ್ಪರ್ಧೆಗಳಿವೆ. 10 ಮೀಟರ್ ಏರ್ ರೈಫಲ್‌ನಲ್ಲಿ ಮಿಶ್ರ ತಂಡ ಸ್ಪರ್ಧೆಯೂ ಇದೆ.

ಪ್ರಶ್ನೆ: ಕಲಿಯುವವರು ಮೊದಲು ರೂಢಿಸಿಕೊಳ್ಳಬೇಕಾದದ್ದೇನು?
ಉತ್ತರ: ಸುರಕ್ಷತೆ. ಬಂದೂಕು ಖಾಲಿಯಿದೆ ಎಂದು ಭಾವಿಸದಿರುವುದು, ನಳಿಗೆಯ ಬಾಯನ್ನು ಸದಾ ಗುರಿಯ ದಿಕ್ಕಿನಲ್ಲಿಯೇ ಇರಿಸುವುದು, ರೇಂಜ್ ಅಧಿಕಾರಿಯ ಆದೇಶವಿಲ್ಲದೆ ಗುಂಡು ತುಂಬದಿರುವುದು. ಒಲಿಂಪಿಕ್ ವಿಜೇತರಿಗೂ ಮೊದಲ ದಿನದ ವಿದ್ಯಾರ್ಥಿಗೂ ಈ ಮೂರು ನಿಯಮಗಳು ಒಂದೇ.

ಸೂಚನೆ: ಈ ಪುಟವು ಸಾಮಾನ್ಯ ಮಾಹಿತಿಗಾಗಿ ಮಾತ್ರ. ಪರವಾನಗಿ, ನೇಮಕಾತಿ ಹಾಗೂ ತರಬೇತಿಗೆ ಸಂಬಂಧಿಸಿದಂತೆ ಅರ್ಜಿ ಸಲ್ಲಿಸುವ ದಿನಾಂಕದಂದು ಜಾರಿಯಲ್ಲಿರುವ ನಿಯಮಗಳೇ ಅನ್ವಯವಾಗುತ್ತವೆ.